ಕೊನೆಯ ಸಾಲಿನ ರಾತ್ರಿ

ನಮ್ಮ ಬಳಗದ ಹಿರಿಯ ದಂಪತಿ ಮೊಮ್ಮಗುವಿನ ನಾಮಕರಣಕ್ಕೆಂದು ಮುಂಬಯಿಯಿಂದ ವಿದೇಶಕ್ಕೆ ಹೋಗಿಬಂದರು. ಅಗ್ಗದ ದರದ ವಿಮಾನ, ಇಡೀ ರಾತ್ರಿಯ ಪಯಣ. ಇಬ್ಬರಿಗೂ ಮಂಡಿನೋವು. ಕೈಯಲ್ಲಿದ್ದ ಹಣಕ್ಕೆ ಮುಂಭಾಗದ ‘ಬಿಸಿನೆಸ್’ ಆಸನ ಒಂದೇ ದಕ್ಕುವಂತಿತ್ತು. ‘ನೀವು ಕೂತುಕೊಳ್ಳಿ’ ಎಂದು ಆಕೆ, ‘ನೀನೇ ಕೂತುಕೋ’ ಎಂದು ಅವರು. ಕೊನೆಗೆ ಅರ್ಧ ದಾರಿ ಒಬ್ಬರು, ಉಳಿದರ್ಧ ಇನ್ನೊಬ್ಬರು ಎಂದು ಒಪ್ಪಂದವಾಯಿತು. ಆಕಾಶದಲ್ಲಿ ಆ ಒಪ್ಪಂದ ನಡೆಯಲಿಲ್ಲ. ಟಿಕೆಟ್ ಆಕೆಯ ಹೆಸರಿನಲ್ಲಿತ್ತು. ಹೆಸರಿದ್ದವರೇ ಮುಂದೆ ಕೂರಬೇಕೆಂಬುದು ನಿಯಮವೆಂದು ಸಿಬ್ಬಂದಿ ವಿನಯದಿಂದಲೇ ತಿಳಿಸಿದರು. ಹಿಂದೆ ಕೂತ ಯಜಮಾನರು ನಿದ್ದೆಗೆಟ್ಟರು. ಅವರನ್ನು ನೆನೆಯುತ್ತ ಮುಂದೆ ಕೂತ ಆಕೆಯೂ ನಿದ್ದೆಗೆಟ್ಟರು.

ನೋಯುವ ಮಂಡಿಗೆ ಜಾಗ ಬೇಕೆಂದು ಹಣ ತೆತ್ತವರನ್ನು ನಾವು ದೂರುವುದಿಲ್ಲ. ಹಗಲೆಲ್ಲ ದುಡಿದ ಸಿಬ್ಬಂದಿಯನ್ನಂತೂ ದೂರಲಾರೆವು. ನಮ್ಮ ತಕರಾರು ಇರುವುದು, ‘ಎಲ್ಲರಿಗೂ ಆಕಾಶ’ ಎಂದು ಹೊರಟ ಉದ್ಯಮವು ದೂರದ ದಾರಿಗೆ ಬಂದೊಡನೆ ಮೊದಲು ಯಾರ ಸುಖವನ್ನು ನೆನೆಯಿತು ಎಂಬುದರ ಬಗ್ಗೆ.

ಈ ಉದ್ಯಮದ ಭಾರತೀಯ ಅಧ್ಯಾಯ ಆರಂಭವಾದದ್ದು ಕನ್ನಡದ ನೆಲದಲ್ಲಿಯೇ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ–ಬೆಂಗಳೂರು ನಡುವೆ ಹಾರಿತು. ಆರ್. ಕೆ. ಲಕ್ಷ್ಮಣರ ‘ಶ್ರೀಸಾಮಾನ್ಯ’ನೇ ಅದರ ಲಾಂಛನ. ಊಟಕ್ಕೆ ಬೇರೆ ದುಡ್ಡು, ನೀರಿಗೆ ಬೇರೆ ದುಡ್ಡು. ಆದರೆ ಒಳಗೆ ಹೊಕ್ಕ ಮೇಲೆ ವರ್ಗ ಒಂದೇ. ರೈತನೂ ವ್ಯಾಪಾರಿಯೂ ಒಂದೇ ಅಳತೆಯ ಕುರ್ಚಿಯಲ್ಲಿ ಮಂಡಿ ಮಡಿಸಿದರು. ಬಡತನದ ನಡುವೆಯೂ ಆ ಸಮಾನತೆಗೆ ಒಂದು ಘನತೆಯಿತ್ತು. ಒಂದೂವರೆ ಗಂಟೆಯ ಇಕ್ಕಟ್ಟನ್ನು ಯಾರಾದರೂ ಸಹಿಸಿಯಾರು.

ಈಗ ದಾರಿ ಉದ್ದವಾಗಿದೆ. ಇಂಡಿಗೊ 2025ರ ಜುಲೈಯಲ್ಲಿ ಮುಂಬಯಿಯಿಂದ ಆಮ್‌ಸ್ಟರ್‌ಡ್ಯಾಮ್ ಮತ್ತು ಮ್ಯಾಂಚೆಸ್ಟರ್‌ಗಳಿಗೆ ಹಾರಾಟ ತೊಡಗಿತು. ನಾರ್ಸ್ ಅಟ್ಲಾಂಟಿಕ್ ಸಂಸ್ಥೆಯಿಂದ ಗುತ್ತಿಗೆಗೆ ಪಡೆದ ಬೋಯಿಂಗ್ 787-9 ವಿಮಾನಗಳು ಅವು. ಮುಂದೆ ‘ಸ್ಟ್ರೆಚ್’ ಹೆಸರಿನ 56 ಆಸನಗಳು, ಸಾಲಿಗೆ ಏಳರಂತೆ. ಹಿಂದೆ 282, ಸಾಲಿಗೆ ಒಂಬತ್ತರಂತೆ. ಮುಂದಿನ ಸಾಲುಗಳ ನಡುವಿನ ಅಂತರ ಸುಮಾರು 43 ಅಂಗುಲ, ಹಿಂದಿನದು ಸುಮಾರು 31. ಒಂದು ಸಣ್ಣ ಲೆಕ್ಕ ಹಾಕೋಣ. ಮುಂದಿನ ಎಂಟು ಸಾಲುಗಳು ತಲಾ 12 ಅಂಗುಲದಂತೆ 96 ಅಂಗುಲ ಹೆಚ್ಚುವರಿ ಜಾಗ ಪಡೆದಿವೆ. ಅದನ್ನು ವಿಮಾನದ ಎಲ್ಲ ಸಾಲುಗಳಿಗೂ ಹಂಚಿದರೆ, ಒಂದು ಆಸನವನ್ನೂ ಕಡಿಮೆ ಮಾಡದೆ, ಪ್ರತಿಯೊಬ್ಬರ ಮಂಡಿಗೂ ಸುಮಾರು ಎರಡೂವರೆ ಅಂಗುಲ ಸಿಗುತ್ತದೆ. ಎರಡೂವರೆ ಅಂಗುಲವೆಂದು ನಗುವವರು ಒಮ್ಮೆ ರಾತ್ರಿಯಿಡೀ ಅಲ್ಲಿ ಕೂತು ನೋಡಲಿ.

ಇನ್ನು ಮುಂದೆ ಕೂತವರಿಗಾದರೂ ದಕ್ಕುವುದೇನು? ದೂರದಾರಿಯಲ್ಲಿ ‘ಬಿಸಿನೆಸ್ ಕ್ಲಾಸ್’ ಎಂದರೆ ಇಂದು ಲೋಕವೆಲ್ಲ ಕಲ್ಪಿಸಿಕೊಳ್ಳುವುದು ಮಲಗಲು ಬರುವ ಹಾಸಿಗೆಯನ್ನು. ಈ ವಿಮಾನಗಳಲ್ಲಿರುವುದು ಹಿಂದಕ್ಕೆ ಒರಗುವ ಅಗಲ ಕುರ್ಚಿ. ಒಳ್ಳೆಯ ಕುರ್ಚಿಯೇ ಹೌದು, ಹಾಸಿಗೆಯಂತೂ ಅಲ್ಲ. ಮಲೇಷ್ಯಾದ ಏರ್‌ಏಷ್ಯಾ ಎಕ್ಸ್ ತನ್ನ ಎ330 ವಿಮಾನದ ಮುಂಭಾಗದಲ್ಲಿ ಮಲಗುವ ಆಸನಗಳನ್ನೇ ಇಟ್ಟಿತು: ಹನ್ನೆರಡು. ಅದೇ ವಿಮಾನದ ಹಿಂಭಾಗದಲ್ಲಿ 365 ಆಸನಗಳು. ಬಹುತೇಕ ಸಂಸ್ಥೆಗಳು ಸಾಲಿಗೆ ಎಂಟು ಜನರನ್ನು ಕೂರಿಸುವ ಆ ವಿಮಾನದಲ್ಲಿ ಅದು ಒಂಬತ್ತು ಜನರನ್ನು ಕೂರಿಸಿತು. ಹನ್ನೆರಡು ಜನ ಮಲಗಿದರು. ಉಳಿದವರು ಭುಜ ಕುಗ್ಗಿಸಿದರು.

ನಮ್ಮ ವಾದಕ್ಕೆ ಬರುವ ಉತ್ತರ ನಮಗೆ ಗೊತ್ತಿದೆ. ‘ಮುಂದಿನವರು ಹೆಚ್ಚು ಕೊಡುವುದರಿಂದಲೇ ಹಿಂದಿನವರಿಗೆ ಅಗ್ಗ’ ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯದ ಅಂಶವಿದೆ. ಅಗ್ಗದ ದೂರಪ್ರಯಾಣ ಸುಲಭದ ವ್ಯವಹಾರವಲ್ಲ. ಲಂಡನ್–ನ್ಯೂಯಾರ್ಕ್ ನಡುವೆ 1977ರಲ್ಲಿ ಹಾರಿದ ಲೇಕರ್‌ನ ಸ್ಕೈಟ್ರೇನ್ 1982ರಲ್ಲಿ ಮುಚ್ಚಿತು. ನಾರ್ವೇಜಿಯನ್ ತನ್ನ ದೂರದ ಹಾರಾಟಗಳನ್ನು 2021ರಲ್ಲಿ ಕೈಬಿಟ್ಟಿತು. ಏರ್ ಡೆಕ್ಕನ್ನೇ ಉಳಿಯಲಿಲ್ಲ. ಆದ್ದರಿಂದ ಮುಂಭಾಗವನ್ನು ಮಾರಬೇಡಿ ಎಂದು ನಾವು ಹೇಳುವುದಿಲ್ಲ. ಆದರೆ ಒಂದೇ ಸಾಲಿನ ಅಕ್ಕಪಕ್ಕದವರೂ ಬೇರೆ ಬೇರೆ ದರ ತೆತ್ತಿರುವ ವಿಮಾನದಲ್ಲಿ ದರವನ್ನು ಆಳುವುದು ಆ ದಿನದ ಬೇಡಿಕೆ. ಹಬ್ಬ ಬಂದರೆ, ರಜೆ ಬಂದರೆ ಹಿಂದಿನ ಟಿಕೆಟ್ಟೂ ಮುಗಿಲು ಮುಟ್ಟುತ್ತದೆ. ಆಗ ಮುಂದಿನವರ ಔದಾರ್ಯ ಎಲ್ಲಿರುತ್ತದೆ?

ಮುಂಬಯಿಯ ನಮಗೆ ಈ ಪಾಠ ಹೊಸದಲ್ಲ. ಲೋಕಲ್ ರೈಲಿನ ಫಸ್ಟ್ ಕ್ಲಾಸ್ ನಾವು ನಿತ್ಯ ಕಾಣುವ ಸೋಜಿಗ. ಅದೇ ಗಾಡಿ, ಅದೇ ವೇಳೆ, ನೂಕುನುಗ್ಗಲಿನ ಹೊತ್ತಿನಲ್ಲಿ ಅದೇ ಬೆವರು. ಹಲವು ಪಟ್ಟು ಹಣ ಕೊಟ್ಟು ಕೊಳ್ಳುವುದು ಮುಖ್ಯವಾಗಿ ನೆರೆಯವರ ಆಯ್ಕೆಯನ್ನು. ಆಕಾಶದ ಪರದೆಯೂ ಅದನ್ನೇ ಮಾರುತ್ತದೆ. ಪರದೆಯ ಮುಂದಿನಿಂದ ಚಿತ್ರ ತೆಗೆದು ಹಂಚುವ ನಮ್ಮ ಗೆಳೆಯರು ಕುರ್ಚಿಯ ಅಗಲವನ್ನು ತೋರಿಸುತ್ತಿದ್ದಾರೋ, ಬೆನ್ನ ಹಿಂದೆ ಬಿಟ್ಟವರ ಸಂಖ್ಯೆಯನ್ನೋ? ಈ ಪ್ರಶ್ನೆಯನ್ನು ನಮ್ಮನ್ನೂ ಸೇರಿಸಿಯೇ ಕೇಳುತ್ತಿದ್ದೇವೆ.

ಇನ್ನೊಂದು ಪಾಠವೂ ರೈಲಿನದೇ. 1977ರಲ್ಲಿ ರೈಲ್ವೆ ಸಚಿವರಾದ ಮಧು ದಂಡವತೆ, ಎರಡನೆಯ ದರ್ಜೆಯ ಮರದ ಹಲಗೆಗಳಿಗೆ ಎರಡು ಅಂಗುಲದ ಮೆತ್ತೆ ಹಾಕಿಸಿದರು. ಫಸ್ಟ್ ಕ್ಲಾಸನ್ನು ಅವರು ಕಿತ್ತೊಗೆಯಲಿಲ್ಲ. ಸುಧಾರಣೆ ಎಲ್ಲಿಂದ ತೊಡಗಬೇಕೆಂಬುದಷ್ಟೇ ಅವರಿಗೆ ಸ್ಪಷ್ಟವಿತ್ತು. ಆ ಎರಡು ಅಂಗುಲದ ಮೇಲೆ ಕೋಟ್ಯಂತರ ಜನ ನಿದ್ದೆ ಮಾಡಿದ್ದಾರೆ. ಊರು ಬಿಟ್ಟು ಬಂದ ನಮ್ಮ ಹಿರಿಯರೂ ಮಾಡಿದ್ದಾರೆ.

ಅಗ್ಗದ ವಿಮಾನ ಸಂಸ್ಥೆಗಳಿಂದ ನಾವು ಕೇಳುವುದು ಅಷ್ಟನ್ನೇ. ಏಳು ಗಂಟೆ ಮೀರಿದ ಹಾರಾಟದಲ್ಲಿ ಹಿಂಭಾಗದ ಆಸನಕ್ಕೆ ಮಂಡಿಯೂರದಷ್ಟು ಅಂತರ ಕೊಡಿ, ಅನಂತರ ಮುಂಭಾಗವನ್ನು ಬೇಕಾದಷ್ಟು ಸಿಂಗರಿಸಿ. ಬಾಗಿಲು ಮುಚ್ಚುವ ಹೊತ್ತಿಗೆ ಮುಂದೆ ಖಾಲಿ ಉಳಿದ ಕುರ್ಚಿಗಳನ್ನು ಹಿಂದೆ ನರಳುವ ವೃದ್ಧರಿಗೂ ಬಸುರಿಯರಿಗೂ ಬಿಟ್ಟುಕೊಡಿ. ಒಟ್ಟಿಗೆ ಟಿಕೆಟ್ ಕೊಂಡ ಇಬ್ಬರು ಒಂದು ಆಸನವನ್ನು ಸರದಿಯ ಮೇಲೆ ಹಂಚಿಕೊಳ್ಳಬಯಸಿದರೆ ಹಂಚಿಕೊಳ್ಳಲು ಬಿಡಿ. ಆ ಕುರ್ಚಿಯ ಬೆಲೆ ಆಗಲೇ ನಿಮ್ಮ ಕೈಸೇರಿದೆ.

ಆ ದಂಪತಿ ಮರುಪ್ರಯಾಣಕ್ಕೆ ಮುಂದಿನ ಆಸನವನ್ನು ಕೊಳ್ಳಲಿಲ್ಲ. ಇಬ್ಬರೂ ಹಿಂದೆಯೇ ಅಕ್ಕಪಕ್ಕ ಕೂತು, ಊದಿದ ಕಾಲುಗಳೊಂದಿಗೆ ಮನೆ ಸೇರಿದರು. ವಿಮಾನ ಸಂಸ್ಥೆಯ ಪುಸ್ತಕದಲ್ಲಿ ಅದು ‘ಗ್ರಾಹಕರ ಆಯ್ಕೆ’ ಎಂದು ದಾಖಲಾಗಿರಬಹುದು. ನಾವು ಅದನ್ನು ಆ ಹೆಸರಿನಿಂದ ಕರೆಯಲಾರೆವು.