ಯಾರೂ ಕೇಳದ ಊರಿಗೆ ಹೊರಡುವ ಮುನ್ನ

ನಮ್ಮ ಕಾಲೇಜಿನಲ್ಲಿ ಒಂದು ದಿನ ಕ್ಲಾಸ್ ತಪ್ಪಿಸಿದರೆ ಸಂಜೆಯೊಳಗೆ ಅಬ್ಬಾಗೆ ಫೋನ್ ಬರುತ್ತದೆ. ದೊಡ್ಡ ಊರಿನಲ್ಲಿ ಬಿ.ಕಾಂ. ಓದುವ ನಮ್ಮ ಆಪಾ ಜ್ವರ ಬಂದು ನಾಲ್ಕು ದಿನ ಹೋಗಲಿಲ್ಲ, ಯಾರೂ ಕೇಳಲಿಲ್ಲ. ಐದನೇ ದಿನ ಹೋದಾಗಲೂ ಕೇಳಲಿಲ್ಲ. "ಜ್ವರಕ್ಕಿಂತ ಅದೇ ನೋವಾಯ್ತು" ಅಂದಳು.

ಹೊರಗಿನವರಿಗೆ ಮನಸ್ಸೇ ಇಲ್ಲ ಎಂದು ನಾನೂ ಬೈದೆ. ಆಗ ಪಕ್ಕದ ಬೆಂಚಿನ, ಕೊಟ್ಟೂರು ಕಡೆಯ ಹಳ್ಳಿಯ ಗೆಳತಿ ಹೇಳಿದಳು: "ಫಸ್ಟ್ ಪಿಯುಸಿಯಲ್ಲಿ ನನಗೂ ಹಾಗೇ ಆಗಿತ್ತು, ಇಲ್ಲೇ. ನೀವೆಲ್ಲ ಉರ್ದುವಿನಲ್ಲಿ ಮಾತಾಡಿ ನಗ್ತಿದ್ರಿ. ಯಾಕೆ ಅಂತ ನನಗೆ ಗೊತ್ತಾಗ್ತಿರಲಿಲ್ಲ." ಎರಡು ತಿಂಗಳು ಅವಳು ಒಬ್ಬಳೇ ಕುಳಿತು ಊಟ ಮಾಡಿದಳಂತೆ. ನಾನು ಅದೇ ಕೋಣೆಯಲ್ಲಿದ್ದೆ.

ಪರೀಕ್ಷೆ ಮುಗಿದರೆ ನಮ್ಮಲ್ಲಿ ಹಲವರು ಹೊಸಪೇಟೆಗೋ ದಾವಣಗೆರೆಗೋ ಹೊರಡುತ್ತೇವೆ. (ಹರಪನಹಳ್ಳಿ ತಾಲ್ಲೂಕೇ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರಕ್ಕೆ ಸೇರಿತು, ನಾವು ಒಂದು ಬಸ್ಸಿಗೆ ಹೆದರುತ್ತೇವೆ!) ಅಲ್ಲಿ ಯಾರೂ ಮಾತಾಡಿಸದಿದ್ದರೆ ನಾವೇ ಮೊದಲು ಮಾತಾಡಿಸಬೇಕು, ಕನ್ನಡದಲ್ಲಿ. ಅದರ ಅಭ್ಯಾಸ ಇಲ್ಲೇ ಆಗಬೇಕಿತ್ತು. ಜೂನಿಯರ್‌ಗಳೇ, ಜೂನ್‌ನಲ್ಲಿ ಹೊಸಬರು ಬಂದಾಗ ಮೊದಲ ವಾರ ಅವರ ಪಕ್ಕ ಕುಳಿತು ಊಟ ಮಾಡಿ. ಉರ್ದು ಬಿಡಿ ಎನ್ನುತ್ತಿಲ್ಲ. ಯಾಕೆ ನಕ್ಕಿರಿ ಎಂದು ಅವರಿಗೂ ಹೇಳಿ.