ದಾರಿಯಲ್ಲಿ ಸಿಕ್ಕ ಮಾತು



‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಗಾದೆಯನ್ನು ನಾವು ಶಾಲೆಯಲ್ಲಿ ಮಕ್ಕಳಿಂದ ಕಾಪಿ ಬರೆಸುತ್ತೇವೆ. ಆದರೆ ಸುತ್ತಿದ್ದನ್ನೂ ಓದಿದ್ದನ್ನೂ ಮನುಷ್ಯನು ಕಾಲಕ್ರಮದಲ್ಲಿ ಮರೆಯುತ್ತಾನೆ. ಓದಿದ್ದು ಮರೆತರೆ ಪುಸ್ತಕವನ್ನು ಮತ್ತೆ ತೆರೆಯಬಹುದು. ಸುತ್ತಿದ್ದು ಮರೆತರೆ ತೆರೆದು ನೋಡುವುದೆಲ್ಲಿ? ಅದೇ ಹಾದಿಯಲ್ಲಿ ಹೋಗಿಬಂದ ಇನ್ನೊಬ್ಬರ ಬಾಯಲ್ಲಿ ಎಂಬುದು ನನ್ನ ಅನುಭವ. ಆ ಇನ್ನೊಬ್ಬರು ಅನೇಕ ವೇಳೆ ಗುರುತಿಲ್ಲದವರೇ ಆಗಿರುತ್ತಾರೆ.

ನಮ್ಮ ತಾಳವಾಡಿ ಸೀಮೆಯವರಿಗೆ ಇಂತಹ ಭೇಟಿಗಳು ಅಪರೂಪವಲ್ಲ. ಚಾಮರಾಜನಗರಕ್ಕೆ ಹೋದರೆ ಒಂದು ರಾಜ್ಯ. ಸತ್ಯಮಂಗಲಕ್ಕೆ ಇಳಿದರೆ ಇನ್ನೊಂದು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವೂ ನಮ್ಮ ತಾಳವಾಡಿಯೂ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಅಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ನಾವು ಮದರಾಸು ರಾಜ್ಯದಲ್ಲಿಯೇ ಉಳಿದೆವು. ಗಡಿ ಬಂದಿತು ನಿಜ. ಆದರೆ ಜಾತ್ರೆ, ಸಂತೆ, ಬೀಗತನಗಳ ಹಾದಿ ನಿಲ್ಲಲಿಲ್ಲ.

ಕಳೆದ ವರ್ಷ ಕಚೇರಿ ಕೆಲಸದ ನಿಮಿತ್ತ ಬಸ್ಸಿನಲ್ಲಿ ಸತ್ಯಮಂಗಲಕ್ಕೆ ಹೊರಟಿದ್ದೆ. ದಿಂಬಂ ಘಟ್ಟದ 27 ತಿರುವುಗಳಲ್ಲೊಂದರಲ್ಲಿ ಭಾರದ ಲಾರಿಯೊಂದು ಸಿಕ್ಕಿಕೊಂಡು, ಹಿಂದೆ ಮುಂದೆ ವಾಹನಗಳೆಲ್ಲ ನಿಂತವು. ಪಕ್ಕದಲ್ಲಿ ಕುಳಿತಿದ್ದ ವೃದ್ಧರು, “ನೀಂಗ ಎಂದ ಊರು?” ಎಂದು ಕೇಳಿದರು. ಜೀರಹಳ್ಳಿ ಎಂದೆ. “ಓ, ಜೀರಳ್ಳಿಯಾ? ಹಂಗಾದ್ರೆ ಕನ್ನಡ್ದಲ್ಲೇ ಮಾತಾಡಿ ಸಾ” ಎಂದು ನಕ್ಕರು.

ಅವರು ಪುಳಿಯಂಪಟ್ಟಿಯ ಕಡೆಯವರು. ಅಲ್ಲಿಯ ದನದ ಸಂತೆ ಪ್ರಸಿದ್ಧವಾದುದಷ್ಟೆ. ಪ್ರಾಯದಲ್ಲಿ ಅವರು ತಮ್ಮ ಮಾವನೊಡನೆ ಚಾಮರಾಜನಗರದ ಕಡೆ ಎತ್ತುಗಳನ್ನು ಕೊಂಡು, ನಡೆಸಿಕೊಂಡೇ ಈ ಘಟ್ಟ ಇಳಿಯುತ್ತಿದ್ದರಂತೆ. ಹಾಸನೂರಿನಲ್ಲಿ ರಾತ್ರಿ ತಂಗಿದಾಗ ಆನೆಯ ಭಯಕ್ಕೆ ಬೆಳಗಿನವರೆಗೂ ಬೆಂಕಿ ಆರಗೊಡುತ್ತಿರಲಿಲ್ಲವಂತೆ. ಒಂದು ವರ್ಷ ವ್ಯಾಪಾರ ಚೆನ್ನಾಗಿ ಆಯಿತೆಂದು ಮಾವನು ಇವರನ್ನು ರೈಲಿನಲ್ಲಿ ಮೈಸೂರು ದಸರೆಗೆ ಕರೆದೊಯ್ದನಂತೆ. “ನಂಜನಗೂಡು ದಾಟಿದ ಮೇಲೆ ಹೊಳೆ ಸೇತುವೆ ಬಂತು. ಜನ ಎಲ್ಲಾ ಕಿಟಕೀಲಿ ಕಾಸು ಎಸೆದ್ರು ಸಾ” ಎಂದರು.

ಆ ಮಾತು ಕೇಳಿದೊಡನೆ ನಾನು ಮೂರನೆಯ ತರಗತಿಯ ಹುಡುಗನಾದೆ. ಚಾಮರಾಜನಗರಕ್ಕೆ ರೈಲು ಬಂದದ್ದು 1926ರಲ್ಲಿ. ನನ್ನ ಬಾಲ್ಯದಲ್ಲಿ ಓಡುತ್ತಿದ್ದುದು ಮೀಟರ್ ಗೇಜಿನ ಪುಟ್ಟ ಗಾಡಿ. ಕಪಿಲೆಯ ಮೇಲಿನ ಆ ಸೇತುವೆ 1735ರದು. ದಳವಾಯಿಗಳ ಕಾಲದ ಆ ಕಲ್ಲುಕಟ್ಟಡದ ಮೇಲೆ ರೈಲುಹಳಿಯೂ ರಸ್ತೆಯೂ ಅಕ್ಕಪಕ್ಕದಲ್ಲಿದ್ದವು. ಬ್ರಾಡ್‌ಗೇಜ್ ಬಂದ ಮೇಲೆ ರೈಲಿಗೆ ಬೇರೆ ಸೇತುವೆಯಾಯಿತು.

ನನ್ನ ತಂದೆಯವರು ನನ್ನನ್ನು ದಸರೆಗೆ ಕರೆದೊಯ್ದದ್ದು ನೆನಪಿನಲ್ಲಿತ್ತು; ಅರಮನೆಯ ದೀಪಗಳೂ ಆನೆಗಳೂ ನೆನಪಿದ್ದವು. ಆದರೆ ಆ ಸೇತುವೆಯ ಮೇಲೆ ಅವರು ನನ್ನ ಅಂಗೈಯಲ್ಲಿ ಹತ್ತು ಪೈಸೆಯಿಟ್ಟು, “ಹೊಳೆವ್ವನಿಗೆ ಹಾಕು ಮಗ” ಎಂದದ್ದು, ನಾನು ಕಡಲೆಪುರಿಯ ಆಸೆಗೆ ಮುಷ್ಟಿ ಬಿಗಿಹಿಡಿದದ್ದು, ಅವರು ನಕ್ಕು ತಮ್ಮ ಜೇಬಿನಿಂದ ಇನ್ನೊಂದು ಕಾಸು ತೆಗೆದು ಎಸೆದದ್ದು, ಇವೆಲ್ಲ ಎಲ್ಲಿ ಅಡಗಿದ್ದವೋ! ಮಿತಭಾಷಿಯಾದ ತಂದೆಯವರ ನಗುವನ್ನು ನಾನು ಕಂಡದ್ದೇ ಕಡಿಮೆ. ಅವರು ತೀರಿಕೊಂಡು ಬಹಳ ವರ್ಷಗಳಾದವು. ಆ ನಗುವನ್ನು ನನಗೆ ಮರಳಿ ಕೊಟ್ಟವರು ಅವರನ್ನು ಎಂದೂ ಕಾಣದ ಒಬ್ಬ ದನದ ವ್ಯಾಪಾರಿ.

ಲಾರಿ ಸರಿಯಿತು, ಬಸ್ಸು ಹೊರಟಿತು. ವೃದ್ಧರು ಬಣ್ಣಾರಿಯಲ್ಲಿ ಕೈಮುಗಿದು ಇಳಿದುಹೋದರು. ಒಬ್ಬರ ಹೆಸರನ್ನೊಬ್ಬರು ಕೇಳಲೂ ಇಲ್ಲ.

ಈಗ ಬಸ್ಸು ನಿಂತರೆ ಎಲ್ಲರೂ ಮೊಬೈಲಿನತ್ತ ಬಾಗುತ್ತಾರೆ. ಅದನ್ನು ದೂರಿ ಪ್ರಯೋಜನವಿಲ್ಲ. ಆದರೆ ಹಳೆಯ ಹಾದಿಗಳನ್ನು ಕಾಲ್ನಡೆಯಲ್ಲಿ ಕಂಡ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರು ಬರೆದಿಟ್ಟದ್ದು ಏನೂ ಇಲ್ಲ. ನಾವು ‘ಯಾವ ಊರು?’ ಎಂದು ಕೇಳದಿದ್ದರೆ ಅವರ ಪ್ರಯಾಣಗಳ ಜೊತೆಗೆ ನಮ್ಮವೂ ಕೆಲವು ಕಳೆದುಹೋಗುತ್ತವೆ.

ಆದುದರಿಂದ ಐದನೆಯ ತರಗತಿಯ ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟೆ: ಹಿರಿಯರೊಬ್ಬರನ್ನು ಅವರ ಮೊದಲ ಪ್ರಯಾಣದ ಬಗ್ಗೆ ಕೇಳಿ ಬರೆಯಬೇಕು. ಒಬ್ಬ ಹುಡುಗಿ ಎರಡು ಪುಟ ಬರೆದು ತಂದು, “ಅಜ್ಜಿ ಇನ್ನೂ ಮುಗಿಸಿಲ್ಲ ಸಾರ್, ನಾಳೆ ತರ್ತೀನಿ” ಎಂದಳು. ನಿಮ್ಮ ಮನೆಯಲ್ಲಿಯೂ ಕೇಳಿ ನೋಡಿ.