ಗಡಿ ಬೇಡ, ಗಡಿಯಾರ ನೋಡಿ

ಹೊಸೂರಿನಿಂದ ಬೆಂಗಳೂರಿಗೆ ಗುಲಾಬಿ ಕಳಿಸುವ ನಮಗೆ ತಂಪಿನ ಬೆಲೆ ಗೊತ್ತು. ಹೂವು ತಂಪಲ್ಲಿ ದಿನಗಟ್ಟಲೆ ತಾಳುತ್ತೆ. ದಾನಿಯ ಹೃದಯ ಹಾಗಲ್ಲ. ದ್ರಾವಣ ಹರಿಸಿ ಬಡಿತ ನಿಲ್ಲಿಸಿ, ಮಂಜುಗಡ್ಡೆ ಪೆಟ್ಟಿಗೆಯಲ್ಲಿಟ್ಟರೂ ಸುಮಾರು 4 ಗಂಟೆ ಅಷ್ಟೇ. ಬೆಚ್ಚಗಿನ ರಕ್ತ ಹರಿಸಿ ಹೃದಯವನ್ನು ಬಡಿಯುತ್ತಲೇ ಇಡುವ ಯಂತ್ರವೂ ಬಂದಿದೆ. ಆದರೆ ಬಲು ದುಬಾರಿ.

ಅಂಗಾಂಗ ಹಂಚಿಕೆ ಮೊದಲು ಆಯಾ ರಾಜ್ಯದೊಳಗೆ, ಆಮೇಲೆ ಹೊರಗೆ. ಹೆಸರು ಬರೆಸಲು ಆ ರಾಜ್ಯದ ನಿವಾಸಿಯೇ ಆಗಬೇಕಿಲ್ಲವೆಂದು 2023ರಲ್ಲಿ ಕೇಂದ್ರ ಸರಕಾರ ಹೇಳಿದ್ದು ಒಳ್ಳೇದಾಯ್ತು. ಹಂಚುವಾಗಲೂ ಗಡಿಯಲ್ಲ, ಗಡಿಯಾರ ನೋಡಿ ಅನ್ನೋದು ನನ್ನ ವಾದ.

ಆದರೆ ಮೊದಲ ವಿಳಂಬ ನಮ್ಮ ಮನೆಗಳದ್ದೇ. ಮಿದುಳು ಸತ್ತವರ ಮನೆಯವರು ಒಪ್ಪದೆ ಏನೂ ನಡೆಯದು. ನನ್ನ ಇಚ್ಛೆ ಮನೆಯಲ್ಲಿ ಹೇಳಿಟ್ಟಿದ್ದೇನೆ. ನೀವೂ ಇವತ್ತೇ ಹೇಳಿಬಿಡಿ.